ಗುರು ಹೊರಟಲ್ಲಿಗೆ ಶಿಷ್ಯ: ಈಜುಗಾರ ಹುಬರ್ಟ್ ಕೋಶ್ ವಿಶ್ವವಿದ್ಯಾಲಯ ಬದಲಿಸಿದ್ದರ ಹಿಂದೆ ಮುಂದೆ

2024ರ ಮಾರ್ಚ್ 30ರಂದು ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕದ ಕಾಲೇಜು ಪುರುಷರ ಈಜು ಚಾಂಪಿಯನ್‌ಷಿಪ್ ಮುಗಿಯಿತು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 523.5 ಅಂಕ ಗಳಿಸಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಎರಡನೆಯ ಸ್ಥಾನದ ಕ್ಯಾಲಿಫೋರ್ನಿಯಾ ತಂಡಕ್ಕೆ 444.5 ಅಂಕ ಬಂದಿತ್ತು. ಎರಡೇ ದಿನ ಕಳೆದು, ಏಪ್ರಿಲ್ 1ರಂದು, ಆ ತಂಡವನ್ನು ಕಟ್ಟಿ ಬೆಳೆಸಿದ ಕೋಚ್ ಬಾಬ್ ಬೌಮನ್ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೊರಟಿದ್ದಾರೆ ಎಂಬ ಪ್ರಕಟಣೆ ಬಂತು. ಗೆಲುವಿನ ಸಂಭ್ರಮ ಮುಗಿಯುವ ಮೊದಲೇ ತಂಡದ ಯಜಮಾನರೇ ಮನೆ ಖಾಲಿ ಮಾಡಿದಂತಾಯಿತು.

ಆ ತಂಡದಲ್ಲಿ ಹಂಗೆರಿ ದೇಶದ ಹುಬರ್ಟ್ ಕೋಶ್ ಎಂಬ ಯುವಕನಿದ್ದ. ಆಗ ವಯಸ್ಸು 21. ಹಿಂದಿನ ವರ್ಷವಷ್ಟೇ ಜಪಾನಿನ ಫುಕುವೊಕಾದಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಅವರು ಅರಿಜೋನಾ ಸ್ಟೇಟ್ ಬಿಟ್ಟು 2024-25ರ ಋತುವಿಗೆ ಟೆಕ್ಸಾಸ್ ಸೇರಿದರು. ಟೆಂಪಿ ನಗರದಿಂದ ಆಸ್ಟಿನ್‌ಗೆ ರಸ್ತೆಯಲ್ಲಿ ಹೋದರೆ ಸುಮಾರು 1,600 ಕಿಲೋಮೀಟರ್. ಆ ಬೇಸಿಗೆಯಲ್ಲಿಯೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 1 ನಿಮಿಷ 54.26 ಸೆಕೆಂಡುಗಳಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನವನ್ನೂ ಗೆದ್ದರು. ಒಲಿಂಪಿಕ್ ಚಾಂಪಿಯನ್ ಒಬ್ಬರು ಕಾಲೇಜು ವಿದ್ಯಾರ್ಥಿಯಾಗಿಯೇ ಉಳಿದು, ಓದುತ್ತಿರುವಾಗಲೇ ಕಾಲೇಜು ಬದಲಿಸಿದ ಈ ಪ್ರಸಂಗ ನಮ್ಮ ಪೋಷಕರೂ ಗಮನಿಸಬೇಕಾದದ್ದು. ಮಕ್ಕಳನ್ನು ಬೆಳಗಿನ ಐದು ಗಂಟೆಗೆ ಈಜುಕೊಳಕ್ಕೆ ಕರೆದೊಯ್ಯುವ ಕುಟುಂಬಗಳು ನಮ್ಮ ಸಮಾಜದಲ್ಲೂ ಇವೆ. ಅಮೆರಿಕದ ಕಾಲೇಜುಗಳ ಕಡೆ ನೋಡುತ್ತಿರುವವರೂ ಇದ್ದಾರೆ.

ನಮ್ಮಲ್ಲಿ ಕಾಲೇಜು ಬದಲಿಸುವುದೆಂದರೆ ಟಿ.ಸಿ. ಪಡೆಯುವುದು, ವಲಸೆ ಪ್ರಮಾಣಪತ್ರಕ್ಕೆ ಅಲೆಯುವುದು. ಅಂಕ ಕಡಿಮೆ ಬಂದಿರಬೇಕು ಅಥವಾ ಮನೆಯವರಿಗೆ ಬೇರೆ ಊರಿಗೆ ವರ್ಗವಾಗಿರಬೇಕು ಎಂದೇ ಜನ ಭಾವಿಸುತ್ತಾರೆ. ಅಲ್ಲಿಯ ಕಥೆ ಬೇರೆ. ಅಗ್ರಶ್ರೇಣಿಯ ಈಜುಗಾರ ಸೇರುವುದು ಕಟ್ಟಡಕ್ಕಲ್ಲ, ಒಬ್ಬ ಕೋಚ್ ಮತ್ತು ಅವರ ಸುತ್ತಲಿನ ಹತ್ತು ಹನ್ನೆರಡು ಸಹಪಾಠಿಗಳ ಗುಂಪಿಗೆ. ಆ ಕೋಚ್ ಎದ್ದು ಹೋದರೆ ವಿಶ್ವವಿದ್ಯಾಲಯದ ಹೆಸರು ಅದೇ ಇರುತ್ತದೆ, ಆದರೆ ಹುಡುಗ ಯಾವುದಕ್ಕಾಗಿ ಬಂದಿದ್ದನೋ ಅದು ಅಲ್ಲಿ ಇರುವುದಿಲ್ಲ.

ಕೋಶ್ ಅವರ ವಿಷಯದಲ್ಲಿ ಇದು ಅಂಕಿ ಅಂಶಗಳಲ್ಲೇ ಕಾಣುತ್ತದೆ. 2022ರಲ್ಲಿ ರೋಮ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಗೆದ್ದದ್ದು 200 ಮೀಟರ್ ವೈಯಕ್ತಿಕ ಮೆಡ್ಲೆ, ಅಂದರೆ ನಾಲ್ಕೂ ಶೈಲಿಗಳನ್ನು ಒಂದೇ ಓಟದಲ್ಲಿ ಈಜುವ ಸ್ಪರ್ಧೆ. 2023ರ ಜನವರಿಯಲ್ಲಿ ಅರಿಜೋನಾಕ್ಕೆ ಬಂದು ಬೌಮನ್ ಕೈಗೆ ಸಿಕ್ಕರು. ಏಳು ತಿಂಗಳಾಗುವ ಮೊದಲೇ ಬ್ಯಾಕ್‌ಸ್ಟ್ರೋಕ್‌ನಲ್ಲಿ 1:54.14ರಲ್ಲಿ ವಿಶ್ವ ಚಾಂಪಿಯನ್! ಇಂಥ ಬದಲಾವಣೆ ಕಂಡ ಹುಡುಗ ಆ ಕೋಚನ್ನು ಬಿಡಲು ಒಪ್ಪದಿದ್ದರೆ ಅದನ್ನು ಚಂಚಲತೆ ಎನ್ನಲಾಗದು.

ಬೌಮನ್ ಹಿಂದೆ ಹೊರಟ ಶಿಷ್ಯರಲ್ಲಿ ಕೋಶ್ ಮೊದಲಿಗರೂ ಅಲ್ಲ. ಮೈಕೆಲ್ ಫೆಲ್ಪ್ಸ್ ಹನ್ನೊಂದನೆಯ ವಯಸ್ಸಿನಲ್ಲಿ ಬಾಲ್ಟಿಮೋರ್‌ನಲ್ಲಿ ಬೌಮನ್ ಅವರ ಬಳಿ ಕಲಿಯಲು ಆರಂಭಿಸಿದರು. 2004ರಲ್ಲಿ ಬೌಮನ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಫೆಲ್ಪ್ಸ್ ಕೂಡ ಆನ್ ಆರ್ಬರ್‌ಗೆ ಮನೆ ಬದಲಿಸಿದರು. ಹದಿಹರೆಯದಲ್ಲೇ ವೃತ್ತಿಪರರಾಗಿದ್ದ ಕಾರಣ ಅವರಿಗೆ ಕಾಲೇಜು ತಂಡದ ಪರ ಈಜುವ ಅವಕಾಶವಿರಲಿಲ್ಲ. ತರಬೇತಿಗಾಗಿ ಮಾತ್ರ ಹೋದರು. 23 ಒಲಿಂಪಿಕ್ ಚಿನ್ನ, ಒಟ್ಟು 28 ಪದಕಗಳ ಆ ಜೀವನ ಒಬ್ಬರೇ ಗುರುವಿನ ಕೈಯಲ್ಲಿ ರೂಪುಗೊಂಡಿತು. ರೀಗನ್ ಸ್ಮಿತ್ 2022ರಲ್ಲಿ ಸ್ಟ್ಯಾನ್‌ಫೋರ್ಡ್‌ನಂಥ ಹೆಸರುವಾಸಿ ವಿಶ್ವವಿದ್ಯಾಲಯದ ತಂಡವನ್ನು ಬಿಟ್ಟು, ವೃತ್ತಿಪರರಾಗಿ ಬೌಮನ್ ಗುಂಪು ಸೇರಿದರು. ಪ್ಯಾರಿಸ್‌ನಲ್ಲಿ ನಾಲ್ಕು ವೈಯಕ್ತಿಕ ಚಿನ್ನ ಗೆದ್ದ ಫ್ರಾನ್ಸ್‌ನ ಲಿಯೋನ್ ಮಾರ್ಷಾಂ ಕೂಡ ಬೌಮನ್ ಜತೆಗೇ ಟೆಕ್ಸಾಸ್‌ಗೆ ಹೋದರು, ಆದರೆ ಕಾಲೇಜು ಸ್ಪರ್ಧೆಗಳನ್ನು ಕೈಬಿಟ್ಟು. ಕೋಶ್ ಅವರದು ಇವೆರಡರ ನಡುವಿನ ದಾರಿ. ಗುರುವನ್ನೂ ಉಳಿಸಿಕೊಂಡರು, ಕಾಲೇಜು ತಂಡದ ಪಟ್ಟಿಯಲ್ಲಿ ಹೆಸರನ್ನೂ ಉಳಿಸಿಕೊಂಡರು.

ಫಲಿತಾಂಶ ಏನಾಯಿತು ಎಂದು ಕೇಳುವವರಿಗೆ ಉತ್ತರ ಸಿದ್ಧವಿದೆ. 2025ರ ಮಾರ್ಚ್ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಫೆಡರಲ್ ವೇಯಲ್ಲಿ ನಡೆದ ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ ಕೋಶ್ 200 ಗಜ ವೈಯಕ್ತಿಕ ಮೆಡ್ಲೆ, 100 ಗಜ ಮತ್ತು 200 ಗಜ ಬ್ಯಾಕ್‌ಸ್ಟ್ರೋಕ್, ಮೂರನ್ನೂ ಗೆದ್ದರು. ಟೆಕ್ಸಾಸ್ 490 ಅಂಕದೊಂದಿಗೆ ಪ್ರಶಸ್ತಿ ಪಡೆಯಿತು. ಕ್ಯಾಲಿಫೋರ್ನಿಯಾ 471ರಲ್ಲಿ ನಿಂತಿತು. ಕೇವಲ 19 ಅಂಕಗಳ ಅಂತರ. ಒಂದು ವೈಯಕ್ತಿಕ ಗೆಲುವಿಗೆ ಅಲ್ಲಿ 20 ಅಂಕ ಎಂಬುದನ್ನು ನೆನಪಿಟ್ಟರೆ, ಒಬ್ಬ ಈಜುಗಾರನ ವರ್ಗಾವಣೆ ಎಷ್ಟು ಭಾರವಾದದ್ದು ಎಂದು ತಿಳಿಯುತ್ತದೆ. ಅದೇ ತಂಡದಲ್ಲಿ ಸ್ಟ್ಯಾನ್‌ಫೋರ್ಡ್ ಬಿಟ್ಟು ಬಂದ ರೆಕ್ಸ್ ಮೌರರ್ ಕೂಡ ಇದ್ದರು. ಆ ಬೇಸಿಗೆಯಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೋಶ್ 200 ಮೀಟರ್ ಬ್ಯಾಕ್‌ಸ್ಟ್ರೋಕನ್ನು 1:53.19ರಲ್ಲಿ ಗೆದ್ದರು. ಪ್ಯಾರಿಸ್ ಚಿನ್ನದ ಸಮಯಕ್ಕಿಂತ ಒಂದು ಸೆಕೆಂಡಿಗೂ ಹೆಚ್ಚು ವೇಗ.

ಇಲ್ಲಿ ಗಜದ ಲೆಕ್ಕದ ಬಗ್ಗೆ ಒಂದು ಮಾತು. ಅಮೆರಿಕದ ಕಾಲೇಜು ಸ್ಪರ್ಧೆಗಳು ನಡೆಯುವುದು 25 ಗಜದ, ಅಂದರೆ 22.86 ಮೀಟರ್ ಉದ್ದದ ಕೊಳದಲ್ಲಿ. ಒಲಿಂಪಿಕ್ ಕೊಳ 50 ಮೀಟರ್. ಗಿಡ್ಡ ಕೊಳದಲ್ಲಿ ಗೋಡೆಗೆ ಕಾಲೊದ್ದು ತಿರುಗುವುದು ಹೆಚ್ಚು, ತಿರುಗಿದ ಮೇಲೆ ನೀರಿನಡಿಯಲ್ಲಿ ಕಾಲು ಬಡಿಯುತ್ತಾ ಸಾಗುವ ದೂರವೂ ಹೆಚ್ಚು. ನಿಯಮದಂತೆ 15 ಮೀಟರ್‌ವರೆಗೆ ನೀರಿನಡಿ ಹೋಗಬಹುದು. ಆದ್ದರಿಂದ ಕಾಲೇಜಿನ ಸಮಯಗಳನ್ನು ನಮ್ಮ ರಾಷ್ಟ್ರೀಯ ಕೂಟದ ಸಮಯಗಳೊಂದಿಗೆ ನೇರವಾಗಿ ಹೋಲಿಸಬಾರದು. ಅಂತರ್ಜಾಲದಲ್ಲಿ ಕಾಣುವ ಬೆರಗಿನ ಸಮಯಗಳನ್ನು ನೋಡಿ ನಮ್ಮ ಮಕ್ಕಳು ಎದೆಗುಂದುವುದನ್ನು ಕಂಡಿದ್ದೇವೆ. ಅದರಲ್ಲಿ ಅರ್ಧ ಭಯ ಈ ಗಜ-ಮೀಟರ್ ಗೊಂದಲದ್ದು.

ಕಟ್ಟು ಕಳಚಿದ ಬಗೆ

ವಿದ್ಯಾರ್ಥಿ ಕ್ರೀಡಾಪಟುವಿಗೆ ಇಷ್ಟು ಸಲೀಸಾಗಿ ಕಾಲೇಜು ಬದಲಿಸುವ ಹಕ್ಕು ಹಿಂದೆ ಇರಲಿಲ್ಲ. ಅಲ್ಲಿಯ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. 2018ರ ಅಕ್ಟೋಬರ್‌ವರೆಗೆ ಬೇರೆ ವಿಶ್ವವಿದ್ಯಾಲಯದ ಕೋಚ್ ಜತೆ ಮಾತಾಡಿ ಅಲ್ಲಿ ವಿದ್ಯಾರ್ಥಿವೇತನ ಪಡೆಯಬೇಕೆಂದರೆ ಇರುವ ಕಾಲೇಜೇ ಅನುಮತಿ ಕೊಡಬೇಕಿತ್ತು. ಕೊಡದೆ ಸತಾಯಿಸಿದ ಉದಾಹರಣೆಗಳಿದ್ದವು. ಬಳಿಕ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ವಿದ್ಯಾರ್ಥಿ ತನ್ನ ಇಚ್ಛೆಯನ್ನು ತಿಳಿಸಿದರೆ ಸಾಕು, ಹೆಸರು ಪಟ್ಟಿಗೆ ಏರುತ್ತದೆ, ಉಳಿದ ಕೋಚ್‌ಗಳು ಸಂಪರ್ಕಿಸಬಹುದು. 2021ರಲ್ಲಿ ಎಲ್ಲ ಕ್ರೀಡೆಗಳಿಗೂ ಒಂದು ಬಾರಿ ಬದಲಿಸಿ ತಕ್ಷಣ ಆಡುವ ಅವಕಾಶ ಸಿಕ್ಕಿತು. 2024ರ ಏಪ್ರಿಲ್‌ನಲ್ಲಿ, ಬೌಮನ್ ಹೊರಟ ಅದೇ ತಿಂಗಳಲ್ಲಿ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಬಾರಿ ಬೇಕಾದರೂ ಬದಲಿಸಬಹುದು ಎಂದಾಯಿತು. ಸಾಮಾನ್ಯ ದಿನಗಳಲ್ಲಿ ಪೋರ್ಟಲ್ ತೆರೆಯುವುದಕ್ಕೆ ನಿಗದಿತ ಅವಧಿ ಇದೆ. ಆದರೆ ಮುಖ್ಯ ಕೋಚ್ ಹೋದಾಗ ಅವರ ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ 30 ದಿನಗಳ ಬಾಗಿಲು ತೆರೆಯುವ ನಿಯಮ ಆಗ ಇತ್ತು.

ಈ ಸ್ವಾತಂತ್ರ್ಯವನ್ನು ಟೀಕಿಸುವವರು ಬಹಳ. ನಿಷ್ಠೆ ಹೋಯಿತು, ಕಾಲೇಜು ಕ್ರೀಡೆ ಸಂತೆಯಾಯಿತು ಎನ್ನುತ್ತಾರೆ. ಒಪ್ಪುವುದು ಕಷ್ಟ. ಕೋಚ್‌ಗಳು ದೊಡ್ಡ ಸಂಬಳಕ್ಕೆ ರಾತ್ರಿ ಬೆಳಗಾಗುವುದರೊಳಗೆ ಊರು ಬದಲಿಸುವಾಗ ಯಾರೂ ನಿಷ್ಠೆಯ ಪ್ರಶ್ನೆ ಎತ್ತಲಿಲ್ಲ. ಟೆಕ್ಸಾಸ್‌ನ ಎಡ್ಡಿ ರೀಸ್ ಅವರಂತೆ 46 ವರ್ಷ ಒಂದೇ ಕೊಳದ ದಡದಲ್ಲಿ ನಿಂತು 15 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು ಅಪರೂಪ. ಅವರು ನಿವೃತ್ತರಾದ ಜಾಗಕ್ಕೇ ಬೌಮನ್ ಬಂದದ್ದು. ಹತ್ತೊಂಬತ್ತರ ಹುಡುಗನನ್ನು ಮಾತ್ರ ಸಹಿಯ ಕಟ್ಟಿಗೆ ಸಿಲುಕಿಸಿ, ಗುರುವನ್ನು ಬಿಟ್ಟುಬಿಡುವುದು ಯಾವ ನ್ಯಾಯ?

ಹಾಗೆಂದು ಬದಲಿಸಿದವರೆಲ್ಲ ಗೆದ್ದರು ಎಂದಲ್ಲ. ಕ್ಲೇರ್ ಕರ್ಜನ್ ಎಂಬ ಅಮೆರಿಕದ ಈಜುಗಾರ್ತಿಯ ಕಥೆ ಇದಕ್ಕೆ ಸಾಕ್ಷಿ. ಟೋಕಿಯೊದಲ್ಲಿ ಹದಿನೇಳರ ವಯಸ್ಸಿನಲ್ಲೇ ರಿಲೆ ಬೆಳ್ಳಿ ಪಡೆದವರು. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಬಿಟ್ಟು ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಒಲಿಂಪಿಕ್ ವರ್ಷವೆಂದು ಆ ಋತುವಿನ ಕಾಲೇಜು ಸ್ಪರ್ಧೆಗಳಿಂದ ದೂರ ಉಳಿದು ತರಬೇತಿಗೇ ಮೀಸಲಾದರು. 2024ರ ಫೆಬ್ರವರಿಯಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 50, 100, 200 ಮೀಟರ್ ಬ್ಯಾಕ್‌ಸ್ಟ್ರೋಕ್ ಮೂರರಲ್ಲೂ ಚಿನ್ನ. ಎಲ್ಲ ಲೆಕ್ಕ ಸರಿಹೋಯಿತು ಎನ್ನುವಷ್ಟರಲ್ಲಿ ಜೂನ್‌ನ ಆಯ್ಕೆ ಕೂಟದಲ್ಲಿ ಪ್ಯಾರಿಸ್ ತಂಡಕ್ಕೆ ಸ್ಥಾನ ಸಿಗಲಿಲ್ಲ. ಅಮೆರಿಕದಲ್ಲಿ ಪ್ರತಿ ವೈಯಕ್ತಿಕ ಸ್ಪರ್ಧೆಗೆ ಇಬ್ಬರಿಗಷ್ಟೇ ಅವಕಾಶ. ಮೂರನೆಯವರು ಜಗತ್ತಿನಲ್ಲೇ ಐದನೆಯವರಾಗಿದ್ದರೂ ಮನೆಗೆ. ಕರ್ಜನ್ ತಮ್ಮ ನಿರ್ಧಾರವನ್ನು ಬದಲಿಸಲಿಲ್ಲ. ವರ್ಜೀನಿಯಾದಲ್ಲೇ ಮುಂದುವರಿದು 2025ರಲ್ಲಿ ಸಿಂಗಪುರದಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಕಂಚು ಗೆದ್ದರು. ವರ್ಗಾವಣೆಯ ಫಲ ಒಂದು ವರ್ಷದಲ್ಲಿ ಕಾಣಬೇಕು ಎಂಬ ಅವಸರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಉಳಿದುಕೊಂಡವರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಬೌಮನ್ ಹೋದ ಮೇಲೆ ಅರಿಜೋನಾ ಸ್ಟೇಟ್‌ನಲ್ಲಿ ಅವರ ಸಹಾಯಕರಾಗಿದ್ದ ಹರ್ಬಿ ಬೇಮ್ ಮುಖ್ಯ ಕೋಚ್ ಆದರು. ಕೆನಡಾ ಪರ ಪ್ಯಾರಿಸ್‌ನಲ್ಲಿ 100 ಮತ್ತು 200 ಮೀಟರ್ ಬಟರ್‌ಫ್ಲೈ ಎರಡರಲ್ಲೂ ಕಂಚು ಗೆದ್ದ ಇಲ್ಯಾ ಖರುನ್ ಅಲ್ಲಿಯೇ ಉಳಿದರು, ಮರುವರ್ಷ ಸಿಂಗಪುರದಲ್ಲಿ 100 ಮೀಟರ್ ಬಟರ್‌ಫ್ಲೈ ಕಂಚನ್ನೂ ಗೆದ್ದರು. ದೊಡ್ಡ ಕೋಚ್ ಹೋದ ತಕ್ಷಣ ತಂಡ ಬರಿದಾಗುತ್ತದೆ ಎನ್ನುವುದೂ ಅರ್ಧ ಸತ್ಯವೇ. ಯಾರ ತರಬೇತಿ ಯಾರಿಗೆ ಒಗ್ಗುತ್ತದೆ ಎಂಬುದು ಹೆಸರಿನಿಂದ ತೀರ್ಮಾನವಾಗುವುದಿಲ್ಲ.

ಹೆಸರಿಲ್ಲದವರ ಪಾಲು

ಈಗ ನಿಜವಾದ ಚಿಂತೆಯ ಭಾಗಕ್ಕೆ ಬರೋಣ. ಕೋಶ್, ಕರ್ಜನ್ ಮುಂತಾದವರು ಹೋದಲ್ಲೆಲ್ಲ ಬಾಗಿಲು ತೆರೆಯುತ್ತದೆ. ಆ ಬಾಗಿಲಿನಿಂದ ಹೊರಗೆ ಬೀಳುವವರು ಬೇರೆ.

2025ರ ಜೂನ್ 6ರಂದು ಅಮೆರಿಕದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಹೌಸ್ ಮೊಕದ್ದಮೆಯ ರಾಜಿಗೆ ಅಂತಿಮ ಒಪ್ಪಿಗೆ ಕೊಟ್ಟರು. ಈ ಮೊಕದ್ದಮೆಗೆ ಹೆಸರು ಕೊಟ್ಟ ಗ್ರಾಂಟ್ ಹೌಸ್ ಯಾರೆಂದು ಬಲ್ಲಿರಾ? ಅರಿಜೋನಾ ಸ್ಟೇಟ್ ಈಜುಗಾರ! ವಿಶ್ವವಿದ್ಯಾಲಯಗಳು ಕ್ರೀಡೆಯಿಂದ ಗಳಿಸುವ ಹಣದಲ್ಲಿ ಆಟಗಾರರಿಗೂ ಪಾಲು ಬೇಕು ಎಂಬುದು ವಾದ. ರಾಜಿಯ ಪ್ರಕಾರ 2025-26ರಲ್ಲಿ ಒಂದು ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ನ್ಯಾಯವಾದ ಬೇಡಿಕೆಯೇ. ಆದರೆ ಆ ಹಣದ ಬಹುಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ. ಈಜಿಗೆ ಬಂದದ್ದು ಇನ್ನೊಂದು, ತಂಡದ ಸಂಖ್ಯೆಗೆ ಮಿತಿ.

ಹಿಂದಿನ ವ್ಯವಸ್ಥೆಯಲ್ಲಿ ಪುರುಷರ ಈಜು ತಂಡಕ್ಕೆ 9.9, ಮಹಿಳೆಯರ ತಂಡಕ್ಕೆ 14 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಇತ್ತು. ಅದನ್ನು ಕೋಚ್ ಹಲವರಿಗೆ ಹಂಚುತ್ತಿದ್ದರು, ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಕಾಲು. ವೇತನವಿಲ್ಲದೆ ಈಜುವವರೂ ತಂಡದಲ್ಲಿ ಇರುತ್ತಿದ್ದರು. ತಂಡದಲ್ಲಿ ಎಷ್ಟು ಜನ ಇರಬಹುದು ಎಂಬುದಕ್ಕೆ ಗೆರೆ ಇರಲಿಲ್ಲ. ಈಗ ರಾಜಿಗೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿದೆ, ಬದಲಿಗೆ ತಂಡದಲ್ಲಿ 30 ಜನರ ಮಿತಿ ಬಂದಿದೆ. ಟೆಕ್ಸಾಸ್ ಇರುವ ಆಗ್ನೇಯ ವಿಶ್ವವಿದ್ಯಾಲಯಗಳ ಒಕ್ಕೂಟವು ಪುರುಷರಿಗೆ ಇನ್ನೂ ಬಿಗಿ ಮಾಡಿ 22 ಎಂದಿತು. ಡೈವಿಂಗ್ ಪಟುಗಳೂ ಸೇರಿ 22. ಹೊರಗಿನಿಂದ ಒಬ್ಬ ಸಿದ್ಧ ಚಾಂಪಿಯನ್ ಬಂದರೆ ಒಳಗಿದ್ದ ಒಬ್ಬ ಸಾಮಾನ್ಯ ಹುಡುಗ ಹೋಗಲೇಬೇಕು. ಈಗಾಗಲೇ ತಂಡದಲ್ಲಿದ್ದು ಜಾಗ ಕಳೆದುಕೊಂಡವರನ್ನು ಮಿತಿಯ ಲೆಕ್ಕಕ್ಕೆ ಸೇರಿಸದೆ ಮತ್ತೆ ತೆಗೆದುಕೊಳ್ಳಲು ನ್ಯಾಯಾಲಯದ ಒತ್ತಾಯದಿಂದ ಅವಕಾಶವಾಯಿತು. ಆದರೆ ತೆಗೆದುಕೊಳ್ಳಲೇಬೇಕು ಎಂಬ ಕಡ್ಡಾಯ ಇಲ್ಲ. ಮುಂದೆ ಬರುವ ಮಕ್ಕಳಿಗೆ ಆ ರಕ್ಷಣೆಯೂ ಇಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿರುವ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ ತನ್ನ ಪುರುಷ ಮತ್ತು ಮಹಿಳಾ ಈಜು ತಂಡಗಳನ್ನೇ ಮುಚ್ಚಿತು. ಖರ್ಚಿನ ಹೊರೆ ಮತ್ತು ಈ ರಾಜಿಯಿಂದಾಗುವ ಪರಿಣಾಮ, ಇವೇ ಕೊಟ್ಟ ಕಾರಣ. ಅಲ್ಲಿಯ ವಿದ್ಯಾರ್ಥಿಗಳ ಮುಂದೆ ಉಳಿದದ್ದು ಎರಡೇ ದಾರಿ. ಈಜು ಬಿಟ್ಟು ಅಲ್ಲೇ ಓದುವುದು ಅಥವಾ ಓದಿದ್ದನ್ನು ಹೊತ್ತುಕೊಂಡು ಬೇರೆ ಕಾಲೇಜು ಹುಡುಕುವುದು. ಇದೂ ವರ್ಗಾವಣೆಯೇ, ಸುದ್ದಿಯಲ್ಲಿ ಮಾತ್ರ ಇಲ್ಲ.

ಒಂದು ತಂಡವನ್ನು ಮುಚ್ಚುವುದು ಎಂದರೇನು ಎಂಬುದಕ್ಕೆ ಅರಿಜೋನಾ ಸ್ಟೇಟ್‌ನ ಹಳೆಯ ಕಥೆಯನ್ನೇ ನೋಡಬಹುದು. 2008ರಲ್ಲಿ ಇದೇ ವಿಶ್ವವಿದ್ಯಾಲಯ ಹಣವಿಲ್ಲವೆಂದು ತನ್ನ ಪುರುಷರ ಈಜು ತಂಡವನ್ನು ನಿಲ್ಲಿಸುವುದಾಗಿ ಘೋಷಿಸಿತ್ತು. ಹಿತೈಷಿಗಳೂ ದಾನಿಗಳೂ ಸೇರಿ ಹಣ ಕೂಡಿಸಿ ಅದನ್ನು ಉಳಿಸಿದರು. ಅಂದು ಅವರು ಕೈಬಿಟ್ಟಿದ್ದರೆ 2015ರಲ್ಲಿ ಬೌಮನ್ ಬರಲು ಅಲ್ಲಿ ತಂಡವೇ ಇರುತ್ತಿರಲಿಲ್ಲ. ಮಾರ್ಷಾಂ, ಕೋಶ್ ಯಾರೂ ಟೆಂಪಿಯ ಕೊಳಕ್ಕೆ ಇಳಿಯುತ್ತಿರಲಿಲ್ಲ. ದಾನಿಗಳ ಹಣದಿಂದ ಬದುಕುಳಿದ ತಂಡ ಹದಿನಾರು ವರ್ಷಗಳ ನಂತರ ದೇಶಕ್ಕೇ ಮೊದಲಾಯಿತು. ವಿದ್ಯಾದಾನದ ಟ್ರಸ್ಟುಗಳನ್ನು ನಡೆಸುವ ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಮನೆಗಳಿಗೆ ಸಂಬಂಧಿಸಿದಂತೆ

ಕರ್ನಾಟಕ ದೇಶದ ಈಜಿಗೆ ತವರು ಇದ್ದಂತೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಬೆಂಗಳೂರಿನ ನಿಶಾ ಮಿಲೆಟ್ ಹೋಗಿದ್ದರು. 2024ರ ಪ್ಯಾರಿಸ್‌ಗೆ ಭಾರತದಿಂದ ಹೋದ ಇಬ್ಬರು ಈಜುಗಾರರೂ, ಶ್ರೀಹರಿ ನಟರಾಜ್ ಮತ್ತು ಹದಿನಾಲ್ಕು ವರ್ಷದ ಧಿನಿಧಿ ದೇಸಿಂಗು, ಬೆಂಗಳೂರಿನವರೇ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆದಾಗ ಆತಿಥ್ಯ ವಹಿಸಿದ ಜೈನ್ ವಿಶ್ವವಿದ್ಯಾಲಯವೇ 20 ಚಿನ್ನದೊಂದಿಗೆ ಪದಕ ಪಟ್ಟಿಯ ಮೊದಲ ಸ್ಥಾನ ಪಡೆಯಿತು. ಅದರಲ್ಲಿ ಈಜುಕೊಳದಿಂದ ಬಂದ ಚಿನ್ನಗಳ ಪಾಲು ದೊಡ್ಡದು. ಹಾಗಿದ್ದರೂ ಎಸ್‌ಎಸ್‌ಎಲ್‌ಸಿ ಮತ್ತು ಎರಡನೇ ಪಿಯುಸಿ ಎಂಬ ಎರಡು ಕಲ್ಲುಗಳಿಗೆ ತಾಗಿ ಎಷ್ಟೋ ಮಕ್ಕಳ ಈಜು ಅಲ್ಲಿಗೇ ನಿಲ್ಲುತ್ತದೆ. ಓದು ಮತ್ತು ಈಜು ಒಂದೇ ಸೂರಿನಡಿ ಸಿಗುವ ಅಮೆರಿಕದ ಕಾಲೇಜು ಪೋಷಕರಿಗೆ ಆಕರ್ಷಕವಾಗಿ ಕಾಣುವುದು ಸಹಜ.

ಕಾಣಲಿ. ಆದರೆ ಯಾವುದನ್ನು ನೋಡಿ ಹೊರಡಬೇಕು ಎಂಬುದು ಕೋಶ್ ಪ್ರಸಂಗದಿಂದ ಸ್ಪಷ್ಟ. ಅರ್ಜಿ ಹಾಕುವಾಗ ಹೆಚ್ಚಿನವರು ವಿಶ್ವವಿದ್ಯಾಲಯದ ರ‍್ಯಾಂಕ್ ನೋಡುತ್ತಾರೆ. ಈಜುಗಾರನ ತಂದೆ ತಾಯಿ ಅದರ ಜತೆಗೆ ಕೋಚ್ ಯಾರು, ಎಷ್ಟು ವರ್ಷದಿಂದ ಇದ್ದಾರೆ, ಅವರ ಒಪ್ಪಂದ ಎಲ್ಲಿಯವರೆಗಿದೆ ಎಂದು ಕೇಳಬೇಕು. ಕೋಚ್‌ಗೆ ನೇರವಾಗಿ ಕೇಳಿದರೆ ತಪ್ಪೇನೂ ಇಲ್ಲ, ಅಲ್ಲಿ ಅದನ್ನು ಯಾರೂ ಅಗೌರವ ಎಂದುಕೊಳ್ಳುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ತಂಡದಿಂದ ಎಷ್ಟು ಜನ ಹೊರಗೆ ಹೋದರು, ಹೊರಗಿನಿಂದ ಎಷ್ಟು ಜನರನ್ನು ತಂದರು ಎಂಬುದೂ ತಿಳಿಯಬೇಕಾದ ವಿಷಯ. ಪ್ರತಿ ವರ್ಷ ಸಿದ್ಧ ಈಜುಗಾರರನ್ನೇ ತರುವ ತಂಡದಲ್ಲಿ ಹದಿನೆಂಟರ ಹುಡುಗನನ್ನು ತಾಳ್ಮೆಯಿಂದ ಬೆಳೆಸುವ ಆಸಕ್ತಿ ಕಡಿಮೆ ಇರುತ್ತದೆ ಎಂದು ನಮಗೆ ಅನ್ನಿಸುತ್ತದೆ.

ಓದಿನ ಲೆಕ್ಕ ಇದಕ್ಕಿಂತ ಕಠಿಣ. ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಕ್ರೀಡಾಪಟು ಎರಡನೆಯ ವರ್ಷ ಮುಗಿಯುವಾಗ ತನ್ನ ಪದವಿಯ ಶೇ 40, ಮೂರನೆಯ ವರ್ಷಕ್ಕೆ ಶೇ 60, ನಾಲ್ಕನೆಯ ವರ್ಷಕ್ಕೆ ಶೇ 80 ಭಾಗ ಮುಗಿಸಿರಬೇಕು. ಕಾಲೇಜು ಬದಲಿಸಿದಾಗ ಹಿಂದಿನ ಕಾಲೇಜಿನ ಕ್ರೆಡಿಟ್‌ಗಳನ್ನೆಲ್ಲ ಹೊಸ ಕಾಲೇಜು ಒಪ್ಪುತ್ತದೆ ಎಂಬ ಖಾತರಿ ಇಲ್ಲ. ಎಂಜಿನಿಯರಿಂಗ್ ಓದುತ್ತಿದ್ದವನ ಆರು ವಿಷಯಗಳು ಹೊಸ ಕಡೆಯ ಪಠ್ಯಕ್ರಮಕ್ಕೆ ಹೊಂದದೆ ಹೋದರೆ ಶೇಕಡಾವಾರು ಕುಸಿಯುತ್ತದೆ. ಕೊಳದಲ್ಲಿ ಎಷ್ಟೇ ವೇಗವಿದ್ದರೂ ಸ್ಪರ್ಧಿಸುವ ಅರ್ಹತೆ ಹೋಗುತ್ತದೆ. ಕೊನೆಗೆ ಸುಲಭದ ವಿಷಯಕ್ಕೆ ಬದಲಾಗುವವರೂ ಇದ್ದಾರೆ. ಮಗನನ್ನು ಕಂಪ್ಯೂಟರ್ ಓದಿಸಲೆಂದು ಕಳುಹಿಸಿದ ಮನೆಯವರಿಗೆ ಮೂರನೆಯ ವರ್ಷದಲ್ಲಿ ಈ ಸುದ್ದಿ ತಲುಪಬಾರದು. ಅಂದಹಾಗೆ, ಅರ್ಹತೆಗೆ 9ನೇ ತರಗತಿಯಿಂದ 12ರವರೆಗಿನ 16 ಮುಖ್ಯ ವಿಷಯಗಳ ಅಂಕಗಳನ್ನು ನೋಡುತ್ತಾರೆ. ಅಂಕಪಟ್ಟಿಗಳನ್ನು ಜೋಪಾನವಾಗಿ ಇಡುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಪೋರ್ಟಲ್‌ಗೆ ಹೆಸರು ಹಾಕುವುದೂ ಆಟದ ಮಾತಲ್ಲ. ವಿದ್ಯಾರ್ಥಿ ಹೆಸರು ಕೊಟ್ಟ ಮೇಲೆ ಇರುವ ಕಾಲೇಜು ಆ ಅವಧಿ ಮುಗಿದೊಡನೆ ವಿದ್ಯಾರ್ಥಿವೇತನ ನಿಲ್ಲಿಸಬಹುದು ಎಂಬುದು ಪೋರ್ಟಲ್ ಬಂದಾಗಿನಿಂದ ಇರುವ ನಿಯಮ. ಒಲಿಂಪಿಕ್ ಚಾಂಪಿಯನ್‌ಗೆ ಹತ್ತು ಕರೆ ಬರುತ್ತವೆ. ಉಳಿದವರಿಗೆ ಕೆಲವೊಮ್ಮೆ ಒಂದೂ ಬರುವುದಿಲ್ಲ. ಹೊಸ ಜಾಗವಿಲ್ಲ, ಹಳೆಯ ಜಾಗವೂ ಇಲ್ಲ ಎಂಬ ಸ್ಥಿತಿ ನಮ್ಮಿಂದ ಹೋದ ಮಗುವಿಗೆ ಬಂದರೆ ಶುಲ್ಕದ ಪೂರ್ಣ ಹೊರೆ ಮನೆಯ ಮೇಲೆ.

ವೀಸಾ ವಿಷಯದಲ್ಲಿ ಅನಗತ್ಯ ಭಯವೂ ಇದೆ, ಅನಗತ್ಯ ಧೈರ್ಯವೂ ಇದೆ. ಎಫ್-1 ವೀಸಾ ನಿಂತಿರುವುದು ಪೂರ್ಣಾವಧಿ ವಿದ್ಯಾರ್ಥಿ ಎಂಬುದರ ಮೇಲೆ, ಈಜು ತಂಡದ ಸದಸ್ಯ ಎಂಬುದರ ಮೇಲಲ್ಲ. ತಂಡದಿಂದ ಕೈಬಿಟ್ಟರೂ ಓದು ಮುಂದುವರಿದಿದ್ದರೆ ದೇಶ ಬಿಡಬೇಕಾಗಿಲ್ಲ. ಕಾಲೇಜು ಬದಲಿಸುವಾಗ ಹಳೆಯ ಕಾಲೇಜು ತನ್ನ ದಾಖಲೆಯನ್ನು ಹೊಸ ಕಾಲೇಜಿಗೆ ವರ್ಗಾಯಿಸಬೇಕು, ಹೊಸ ಕಾಲೇಜು ಹೊಸ ಐ-20 ಪತ್ರ ಕೊಡಬೇಕು. ಈ ಸಾಲಿನಲ್ಲಿ ಒಂದು ಕೊಂಡಿ ತಪ್ಪಿದರೂ ತೊಂದರೆ. ಇನ್ನು ಹಣದ ಪಾಲು. ಅಮೆರಿಕದ ಸಹಪಾಠಿಗಳು ಜಾಹೀರಾತಿನಿಂದ, ವಿಶ್ವವಿದ್ಯಾಲಯದ ಹಂಚಿಕೆಯಿಂದ ಗಳಿಸುವುದನ್ನು ನೋಡಿ ನಮ್ಮ ಮಕ್ಕಳೂ ಸಹಿ ಹಾಕಿಬಿಟ್ಟರೆ ಎಫ್-1ರ ಉದ್ಯೋಗ ನಿರ್ಬಂಧಕ್ಕೆ ಸಿಲುಕಬಹುದು. ಅಲ್ಲಿಯ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ಒಂದು ಟೀ ಶರ್ಟ್ ಒಪ್ಪಂದಕ್ಕೂ ಸಹಿ ಬೇಡ. 2025ರ ಮೇ-ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನೇ ಕೆಲವು ವಾರ ತಡೆಹಿಡಿದು, ನಂತರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆಯೊಂದಿಗೆ ಪುನರಾರಂಭಿಸಿದ್ದು ನೆನಪಿರಲಿ.

ಊಟದ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಮೊದಲೇ ಕೇಳುತ್ತಾರೆ, ಕೇಳಬೇಕಾದದ್ದೇ. ಋತುವಿನಲ್ಲಿ ವಾರಕ್ಕೆ 20 ಗಂಟೆ ತರಬೇತಿಗೆ ನಿಯಮ ಒಪ್ಪುತ್ತದೆ, ಬೆಳಗ್ಗೆ ಸಂಜೆ ಎರಡು ಹೊತ್ತು. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಲ್ಲಿ ಸಂಜೆಯ ತರಬೇತಿ ಮುಗಿಯುವಷ್ಟರಲ್ಲಿ ಸೂರ್ಯಾಸ್ತವಾಗಿ ಬಹಳ ಹೊತ್ತಾಗಿರುತ್ತದೆ. ಸಸ್ಯಾಹಾರ ಈಗ ಬಹುತೇಕ ಎಲ್ಲ ಕ್ಯಾಂಪಸ್‌ಗಳಲ್ಲೂ ಸಿಗುತ್ತದೆ. ಆದರೆ ಕಂದಮೂಲ ಬಿಟ್ಟ ಊಟ, ಹೊತ್ತು ಮುಳುಗುವ ಮೊದಲಿನ ಊಟ ಎಂದರೆ ತಂಡದ ಆಹಾರ ತಜ್ಞರ ಜತೆ ಮೊದಲೇ ಮಾತಾಡಿಕೊಳ್ಳಬೇಕು. ಒಂದು ಕಾಲೇಜಿನಲ್ಲಿ ಆರು ತಿಂಗಳು ಹೆಣಗಿ ಹೊಂದಿಸಿಕೊಂಡ ವ್ಯವಸ್ಥೆ ವರ್ಗಾವಣೆಯಾದ ದಿನ ಶೂನ್ಯಕ್ಕೆ ಮರಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಹೊರಡುವವನಿಗೆ ತಿಳಿದಿರಬೇಕಾದ ಇನ್ನೊಂದು ಗಡುವು: ಕಾಲೇಜು ಸೇರಿದ ದಿನದಿಂದ ಐದು ವರ್ಷಗಳೊಳಗೆ ನಾಲ್ಕು ಋತುಗಳನ್ನು ಈಜಿ ಮುಗಿಸಬೇಕು ಎಂಬುದು ಅಲ್ಲಿ ದೀರ್ಘಕಾಲದಿಂದ ನಡೆದುಬಂದ ನಿಯಮ. ಎಷ್ಟು ಕಾಲೇಜು ಬದಲಿಸಿದರೂ ಈ ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ.